ನಾಲ್ಕು ಸ್ವರಗಳ ಕಾವಲು: ಪಿಟೀಲುವಾದಕ ಬೀಬರನ ಬದುಕು

ಅಕ್ಟೋಬರ್ ತಿಂಗಳು ಧರ್ಮಸಭೆಗೆ ಜಪಸರದ ತಿಂಗಳು. ಈ ತಿಂಗಳ 2ರಂದು ಕಾವಲುದೂತರ ಸ್ಮರಣೆ, 7ರಂದು ಜಪಸರ ಮಾತೆಯ ಹಬ್ಬ. ಸಂಜೆಯಾಗುತ್ತಲೇ ದೀಪ ಹಚ್ಚಿ, ಹಿರಿಯರು ಕಿರಿಯರೆನ್ನದೆ ಎಲ್ಲರೂ ಮೊಣಕಾಲೂರಿ ಮಣಿಗಳನ್ನು ಸರಿಸುವ ಪದ್ಧತಿ ನಮ್ಮ ಮನೆಗಳಲ್ಲಿ ಇನ್ನೂ ಅಳಿದಿಲ್ಲ. ಆದರೆ ಧರ್ಮಕೇಂದ್ರದ ಯುವಜನರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಯೊಂದಿದೆ. ಒಂದೇ ಪ್ರಾರ್ಥನೆಯನ್ನು ಐವತ್ತು ಸಲ ಹೇಳುವುದರಲ್ಲಿ ಅರ್ಥವೇನು? ಮೊದಲ ಸಲ ಹೇಳಿದ್ದು ದೇವರಿಗೆ ಕೇಳಿಸಲಿಲ್ಲವೇ? ಈ ಪ್ರಶ್ನೆಯನ್ನು ಉಡಾಫೆಯೆಂದು ತಳ್ಳಿಹಾಕುವುದು ಸುಲಭ. ನಾನು ಹಾಗೆ ಮಾಡಲಾರೆ. ಏಕೆಂದರೆ ಗುರುಮಠದಲ್ಲಿ ತತ್ತ್ವಶಾಸ್ತ್ರ ಓದುತ್ತಿದ್ದ ದಿನಗಳಲ್ಲಿ ಇದೇ ಪ್ರಶ್ನೆ ನನ್ನನ್ನೂ ಕಾಡಿತ್ತು. ಇದಕ್ಕೆ ಗ್ರಂಥಗಳಿಂದ ಉತ್ತರ ಕೊಡುವುದಕ್ಕಿಂತ, ಮುನ್ನೂರು ವರ್ಷಗಳಿಗೂ ಹಿಂದೆ ತೀರಿಕೊಂಡ ಒಬ್ಬ ಪಿಟೀಲುವಾದಕನ ಬದುಕನ್ನು ಓದುಗರ ಮುಂದಿಡುವುದು ಮೇಲೆಂದು ತೋರುತ್ತದೆ.

ಆತನ ಹೆಸರು ಹೈನ್ರಿಕ್ ಇಗ್ನಾಜ್ ಫ್ರಾಂಜ್ ಬೀಬರ್. ಹದಿನೇಳನೆಯ ಶತಮಾನದ ಯುರೋಪಿನ ಮಹಾನ್ ಪಿಟೀಲುವಾದಕರಲ್ಲಿ ಅವನೊಬ್ಬನು. ಇಂದಿನ ಚೆಕ್ ಗಣರಾಜ್ಯಕ್ಕೆ ಸೇರಿರುವ, ಅಂದು ಬೊಹೀಮಿಯದ ವಾರ್ಟೆನ್‌ಬೆರ್ಗ್ ಎಂದು ಕರೆಯಲ್ಪಡುತ್ತಿದ್ದ ಸಣ್ಣ ಊರಿನಲ್ಲಿ 1644ರ ಆಗಸ್ಟ್ 12ರಂದು ಅವನಿಗೆ ದೀಕ್ಷಾಸ್ನಾನವಾಯಿತು. 1618ರಲ್ಲಿ ಆರಂಭವಾದ ಮೂವತ್ತು ವರ್ಷಗಳ ಯುದ್ಧ ಇನ್ನೂ ಮುಗಿದಿರಲಿಲ್ಲ. ಕ್ರೈಸ್ತರು ಕ್ರೈಸ್ತರನ್ನೇ ಕೊಂದ ಆ ಯುದ್ಧದಲ್ಲಿ ಬೊಹೀಮಿಯದ ಹಳ್ಳಿಗಳು ಸುಟ್ಟುಹೋಗಿದ್ದವು, ಹೊಲಗಳು ಪಾಳುಬಿದ್ದಿದ್ದವು. ದೀಕ್ಷಾಸ್ನಾನದ ದಿನ ಆ ಮಗುವಿಗೆ ಇಟ್ಟ ಹೆಸರು ಹೈನ್ರಿಕ್ ಎಂದು ಮಾತ್ರ. ಇಗ್ನಾಜ್, ಫ್ರಾಂಜ್ ಎಂಬ ಹೆಸರುಗಳನ್ನು ಅವನು ಬೆಳೆದ ಮೇಲೆ ಸೇರಿಸಿಕೊಂಡನು. ಯೇಸುಸಭೆಯ ಸ್ಥಾಪಕರಾದ ಸಂತ ಇಗ್ನಾಸಿಯವರ ಮೇಲಿನ, ಹಾಗೂ ಗೋವಾದಲ್ಲಿ ಯಾರ ಪಾರ್ಥಿವ ಶರೀರವನ್ನು ನಾವು ಇಂದಿಗೂ ದರ್ಶಿಸುತ್ತೇವೆಯೋ ಆ ಸಂತ ಫ್ರಾನ್ಸಿಸ್ ಕ್ಸೇವಿಯರ್ ಅವರ ಮೇಲಿನ ಗೌರವದಿಂದ ಹೀಗೆ ಮಾಡಿರಬೇಕೆಂದು ವಿದ್ವಾಂಸರು ಊಹಿಸುತ್ತಾರೆ.

ಯೌವನದಲ್ಲಿ ಬೀಬರನು ಗ್ರಾಜ್ ನಗರದಲ್ಲಿ ಎಗ್ಗೆನ್‌ಬೆರ್ಗ್ ಮನೆತನದ ರಾಜಕುಮಾರನ ಆಸ್ಥಾನದಲ್ಲಿದ್ದನು. 1668ರ ಹೊತ್ತಿಗೆ ಓಲೊಮೌತ್ಸ್‌ನ ಧರ್ಮಾಧ್ಯಕ್ಷರಾದ ಕಾರ್ಲ್ ಫಾನ್ ಲೀಕ್ಟೆನ್‌ಸ್ಟೈನ್-ಕಾಸ್ಟೆಲ್‌ಕಾರ್ನ್ ಅವರ ಸೇವೆಗೆ ಸೇರಿದನು. ಈ ಧರ್ಮಾಧ್ಯಕ್ಷರು ಸಂಗೀತಪ್ರಿಯರು. ಮೊರಾವಿಯದ ಕ್ರೆಮ್ಸಿಯರ್ ಪಟ್ಟಣದಲ್ಲಿದ್ದ ತಮ್ಮ ಅರಮನೆಯಲ್ಲಿ ಅವರು ಒಳ್ಳೆಯ ವಾದ್ಯಗಾರರ ತಂಡವನ್ನೇ ಕಟ್ಟಿದ್ದರು. ಇಪ್ಪತ್ತನಾಲ್ಕರ ಆಸುಪಾಸಿನ ಬೀಬರನು ಬೇಗನೆ ಅವರ ಮೆಚ್ಚುಗೆಗೆ ಪಾತ್ರನಾದನು.

1670ರ ಬೇಸಿಗೆಯ ಕೊನೆಯಲ್ಲಿ ಧರ್ಮಾಧ್ಯಕ್ಷರು ಅವನಿಗೊಂದು ಕೆಲಸ ಒಪ್ಪಿಸಿದರು. ಇನ್ಸ್‌ಬ್ರುಕ್ ಬಳಿಯ ಆಬ್ಸಾಮ್ ಎಂಬ ಊರಿನಲ್ಲಿ ಯಾಕೊಬ್ ಸ್ಟೈನರ್ ಎಂಬ ಹೆಸರಾಂತ ಪಿಟೀಲು ತಯಾರಕನಿದ್ದನು. ಅವನಿಂದ ಆಸ್ಥಾನಕ್ಕೆ ವಾದ್ಯಗಳನ್ನು ಕೊಂಡುತರಬೇಕಿತ್ತು. ಬೀಬರನು ಹೊರಟನು, ಆದರೆ ಹಿಂದಿರುಗಲಿಲ್ಲ. ದಾರಿಯಲ್ಲಿ ಸಾಲ್ಜ್‌ಬರ್ಗ್ ನಗರಕ್ಕೆ ಹೋಗಿ, ಅಲ್ಲಿನ ಮಹಾಧರ್ಮಾಧ್ಯಕ್ಷರ ಆಸ್ಥಾನದಲ್ಲಿ ಉದ್ಯೋಗ ಹಿಡಿದನು. ಒಡೆಯನ ಅಪ್ಪಣೆಯಿಲ್ಲದೆ ಸೇವೆ ಬಿಡುವುದು ಆ ಕಾಲದಲ್ಲಿ ಸಾಮಾನ್ಯ ಸಂಗತಿಯಲ್ಲ. ಬಿಡುಗಡೆಯ ಪತ್ರವಿಲ್ಲದ ಆಸ್ಥಾನಸೇವಕನು ಕಾನೂನಿನ ಕಣ್ಣಿನಲ್ಲಿ ಓಡಿಹೋದವನೇ. ಕ್ರೆಮ್ಸಿಯರ್‌ನ ಧರ್ಮಾಧ್ಯಕ್ಷರ ಮನಸ್ಸು ನೊಂದಿತು. ಅವರು ಬಯಸಿದ್ದರೆ ದಂಡನೆಗೆ ಒತ್ತಾಯಿಸಬಹುದಿತ್ತು. ಆದರೆ ಸಾಲ್ಜ್‌ಬರ್ಗಿನ ಮಹಾಧರ್ಮಾಧ್ಯಕ್ಷರು ಅವರ ಮಿತ್ರರಾಗಿದ್ದರು. ಆದ್ದರಿಂದ ಅವರು ಸುಮ್ಮನಿದ್ದರು, ಬಿಡುಗಡೆಯ ಪತ್ರವನ್ನು ಮಾತ್ರ ಕೊಡಲಿಲ್ಲ.

ಆ ಪತ್ರ ಬೀಬರನ ಕೈಸೇರಿದ್ದು 1676ರಲ್ಲಿ. ನಡುವಿನ ಆರು ವರ್ಷಗಳಲ್ಲಿ ಅವನು ತನ್ನ ಹೊಸ ಕೃತಿಗಳನ್ನು ತಾನು ಬಿಟ್ಟುಬಂದ ಆಸ್ಥಾನಕ್ಕೆ ಒಂದೊಂದಾಗಿ ಕಳುಹಿಸುತ್ತ ಬಂದನು. ಹಳೆಯ ಒಡೆಯರ ಮುನಿಸನ್ನು ಇಳಿಸಲು ಅವನ ಬಳಿ ಇದ್ದ ಕಾಣಿಕೆ ಅದೊಂದೇ. ಹಾಗೆ ಬಂದ ಹಾಳೆಗಳಲ್ಲಿ ಹಲವು ಕ್ರೆಮ್ಸಿಯರ್‌ನ ಸಂಗ್ರಹದಲ್ಲಿ ಇಂದಿಗೂ ಉಳಿದಿವೆ. ಬೀಬರನ ಎಷ್ಟೋ ಕೃತಿಗಳು ನಮಗೆ ಸಿಕ್ಕಿರುವುದು ಆ ಸಂಗ್ರಹದಿಂದಲೇ. ಅವನು ಓಡಿಹೋಗದೆ ಇದ್ದಿದ್ದರೆ ಅವುಗಳನ್ನು ಕಳುಹಿಸುವ ಪ್ರಸಂಗವೇ ಬರುತ್ತಿರಲಿಲ್ಲ. ತಪ್ಪು ತಪ್ಪೇ. ಆದರೂ ಮನುಷ್ಯನ ತಪ್ಪಿನ ಬೂದಿಯಿಂದಲೂ ದೇವರು ಒಳಿತಿನ ಕಿಡಿಯನ್ನು ಹೆಕ್ಕಿಕೊಳ್ಳಬಲ್ಲರು ಎಂಬ ನಮ್ಮ ವಿಶ್ವಾಸಕ್ಕೆ ಇದೊಂದು ಸಣ್ಣ ನಿದರ್ಶನ.

ಸಾಲ್ಜ್‌ಬರ್ಗ್ ಆಗ ಸ್ವತಂತ್ರ ಸಂಸ್ಥಾನದಂತಿತ್ತು. ಅಲ್ಲಿನ ಮಹಾಧರ್ಮಾಧ್ಯಕ್ಷರು ಧರ್ಮಪಾಲಕರೂ ಹೌದು, ರಾಜ್ಯವಾಳುವ ಪ್ರಭುಗಳೂ ಹೌದು. ನ್ಯಾಯ, ತೆರಿಗೆ, ಸೆರೆಮನೆ ಎಲ್ಲವೂ ಅವರ ಕೈಯಲ್ಲಿದ್ದವು. ಬೀಬರನಿಗೆ ಆಶ್ರಯ ಕೊಟ್ಟವರು ಮ್ಯಾಕ್ಸ್ ಗಾಂಡೋಲ್ಫ್ ಫಾನ್ ಕೂಯೆನ್‌ಬುರ್ಗ್ ಎಂಬವರು. 1672ರಲ್ಲಿ ಬೀಬರನು ಸಾಲ್ಜ್‌ಬರ್ಗಿನ ವ್ಯಾಪಾರಿಯೊಬ್ಬನ ಮಗಳಾದ ಮರಿಯಾ ವೈಸ್ ಎಂಬವಳನ್ನು ಮದುವೆಯಾದನು. ಅವರಿಗೆ ಹನ್ನೊಂದು ಮಕ್ಕಳು ಹುಟ್ಟಿದರು, ಉಳಿದು ಬೆಳೆದವರು ನಾಲ್ವರು. ಏಳು ಸಲ ಆ ದಂಪತಿಗಳು ಸಣ್ಣ ಶವಪೆಟ್ಟಿಗೆಯ ಹಿಂದೆ ನಡೆದರು. ಆ ಕಾಲದಲ್ಲಿ ಅದು ಅಪರೂಪವಲ್ಲ ಎಂದು ಇತಿಹಾಸಕಾರರು ಹೇಳುತ್ತಾರೆ. ಆದರೆ ಅಪರೂಪವಲ್ಲದ ದುಃಖವು ಕಡಿಮೆ ದುಃಖವಲ್ಲ ಎಂಬುದನ್ನು ಮಕ್ಕಳ ಅಂತ್ಯಕ್ರಿಯೆ ನಡೆಸಿದ ಯಾವ ಗುರುವೂ ಬಲ್ಲನು.

ಈ ವರ್ಷಗಳಲ್ಲೇ, ಬಹುಶಃ 1670ರ ದಶಕದ ನಡುಭಾಗದಲ್ಲಿ, ಬೀಬರನು ತನ್ನ ಅತ್ಯಂತ ಪ್ರಸಿದ್ಧ ಕೃತಿಯನ್ನು ರಚಿಸಿ ಮ್ಯಾಕ್ಸ್ ಗಾಂಡೋಲ್ಫ್ ಅವರಿಗೆ ಅರ್ಪಿಸಿದನು. ಜಪಸರದ ಹದಿನೈದು ರಹಸ್ಯಗಳ ಮೇಲೆ ಪಿಟೀಲಿಗಾಗಿ ಬರೆದ ಹದಿನೈದು ಸೊನಾಟಾಗಳು ಅದರಲ್ಲಿವೆ. ಬೆಳಕಿನ ರಹಸ್ಯಗಳನ್ನು ಪೋಪ್ ಎರಡನೆಯ ಜಾನ್ ಪೌಲರು ಸೇರಿಸಿದ್ದು 2002ರಲ್ಲಿ. ಬೀಬರನ ಕಾಲದಲ್ಲಿದ್ದವು ಸಂತೋಷದ ಐದು, ದುಃಖದ ಐದು, ಮಹಿಮೆಯ ಐದು. ಸಾಲ್ಜ್‌ಬರ್ಗಿನಲ್ಲಿ ಜಪಸರದ ಭ್ರಾತೃಸಂಘ ಚುರುಕಾಗಿತ್ತು, ಮಹಾಧರ್ಮಾಧ್ಯಕ್ಷರ ಪ್ರೋತ್ಸಾಹ ಅದಕ್ಕಿತ್ತು. ಹಸ್ತಪ್ರತಿಯಲ್ಲಿ ಪ್ರತಿಯೊಂದು ಸೊನಾಟಾದ ತಲೆಯಲ್ಲಿ ಆಯಾ ರಹಸ್ಯವನ್ನು ತೋರಿಸುವ ಪುಟ್ಟ ಮುದ್ರಿತ ಚಿತ್ರವನ್ನು ಅಂಟಿಸಲಾಗಿದೆ. ಮಾತಿಲ್ಲ, ಹಾಡಿಲ್ಲ. ಚಿತ್ರವನ್ನು ನೋಡಿ, ಪಿಟೀಲನ್ನು ಕೇಳಿ, ರಹಸ್ಯವನ್ನು ಧ್ಯಾನಿಸಬೇಕು.

ಈ ಸೊನಾಟಾಗಳಲ್ಲಿ ಬೀಬರನು ಒಂದು ವಿಚಿತ್ರ ಕ್ರಮವನ್ನು ಅನುಸರಿಸಿದನು. ಪಿಟೀಲಿನ ನಾಲ್ಕು ತಂತಿಗಳಿಗೆ ವಾಡಿಕೆಯಾದ ಒಂದು ಶ್ರುತಿಯಿದೆ. ಬೀಬರನು ಮೊದಲ ಸೊನಾಟಾವನ್ನು, ಅಂದರೆ ದೇವದೂತನು ಮರಿಯಳಿಗೆ ಶುಭಸಂದೇಶ ತಂದ ರಹಸ್ಯವನ್ನು, ವಾಡಿಕೆಯ ಶ್ರುತಿಯಲ್ಲೇ ಇಟ್ಟನು. ಉಳಿದ ಹದಿನಾಲ್ಕಕ್ಕೂ ತಂತಿಗಳನ್ನು ಬೇರೆ ಬೇರೆಯಾಗಿ ಬಿಗಿದು ಅಥವಾ ಸಡಿಲಿಸಿ ಹೊಸ ಶ್ರುತಿಗಳನ್ನು ಕಟ್ಟಿದನು. ವಾದಕನು ತನ್ನ ಬೆರಳುಗಳಿಗೆ ಅಭ್ಯಾಸವಾದುದನ್ನು ಪ್ರತಿಸಲವೂ ಮರೆಯಬೇಕು. ಕಾಗದದ ಮೇಲೆ ಕಾಣುವುದು ಒಂದು ಸ್ವರ, ಕಿವಿಗೆ ಬೀಳುವುದು ಇನ್ನೊಂದು. ತಂತಿಗಳ ಬಿಗುವು ಬದಲಾದಂತೆ ವಾದ್ಯದ ಧ್ವನಿಯೂ ಬದಲಾಗುತ್ತದೆ, ಕೆಲವು ಕಡೆ ಅದು ಹೊಳೆಯುತ್ತದೆ, ಕೆಲವು ಕಡೆ ಗಂಟಲು ಕಟ್ಟಿದಂತೆ ನರಳುತ್ತದೆ. ಪುನರುತ್ಥಾನದ ಸೊನಾಟಾ ಹನ್ನೊಂದನೆಯದು. ಅದಕ್ಕಾಗಿ ನಡುವಿನ ಎರಡು ತಂತಿಗಳನ್ನು ಬಿಚ್ಚಿ, ಒಂದರ ಸ್ಥಾನಕ್ಕೆ ಇನ್ನೊಂದನ್ನು ದಾಟಿಸಿ ಕಟ್ಟಬೇಕು. ಆಗ ಕುದುರೆಯ ಹಿಂದೆ ಆ ಎರಡು ತಂತಿಗಳು ಒಂದನ್ನೊಂದು ಹಾಯ್ದು ಶಿಲುಬೆಯ ಆಕಾರ ತಾಳುತ್ತವೆ. ಕೇಳುಗನಿಗೆ ಇದು ಕಾಣದೆ ಇರಬಹುದು. ನುಡಿಸುವವನ ಕಣ್ಣೆದುರಿಗೆ ಮಾತ್ರ ಪುನರುತ್ಥಾನದ ಸಂಗೀತದ ಉದ್ದಕ್ಕೂ ಶಿಲುಬೆ ಇದ್ದೇ ಇರುತ್ತದೆ.

ಹದಿನೈದು ರಹಸ್ಯಗಳು ಮುಗಿದ ಮೇಲೆ ಹಸ್ತಪ್ರತಿಯಲ್ಲಿ ಹದಿನಾರನೆಯದೊಂದು ರಚನೆಯಿದೆ. ಅದರ ತಲೆಯಲ್ಲಿರುವುದು ಮುದ್ರಿತ ಚಿತ್ರವಲ್ಲ, ಲೇಖನಿಯಿಂದ ಬರೆದ ಚಿತ್ರ. ಕಾವಲುದೂತನೊಬ್ಬನು ಮಗುವಿನ ಕೈಹಿಡಿದು ನಡೆಸಿಕೊಂಡು ಹೋಗುತ್ತಿದ್ದಾನೆ. ಹಿಂದಿನ ಸೊನಾಟಾಗಳಲ್ಲಿ ಪಿಟೀಲಿಗೆ ಬೇರೆ ವಾದ್ಯಗಳ ಆಸರೆಯಿತ್ತು. ಇಲ್ಲಿ ಆ ಆಸರೆಯಿಲ್ಲ, ಪಿಟೀಲು ಒಂಟಿ. ತಂತಿಗಳು ಮತ್ತೆ ವಾಡಿಕೆಯ ಶ್ರುತಿಗೆ ಮರಳಿವೆ. ಈ ರಚನೆಗೆ ಪಸ್ಸಕಾಲಿಯ ಎಂದು ಹೆಸರು.

ಈ ಹೆಸರಿನ ಕತೆಯನ್ನು ಓದುಗರಿಗೆ ಹೇಳಬೇಕು. ಸ್ಪೇನಿನ ಭಾಷೆಯಲ್ಲಿ ನಡೆಯುವುದು ಎಂಬರ್ಥದ ಪದವೂ ಬೀದಿ ಎಂಬರ್ಥದ ಪದವೂ ಕೂಡಿ ಈ ಹೆಸರಾಯಿತು. ಅಂದರೆ ಇದು ಬೀದಿನಡಿಗೆಯ ಸಂಗೀತ. ಹದಿನೇಳನೆಯ ಶತಮಾನದ ಆರಂಭದಲ್ಲಿ ಗಿಟಾರ್ ನುಡಿಸುವವರು ಒಂದು ಹಾಡಿಗೂ ಇನ್ನೊಂದಕ್ಕೂ ನಡುವೆ, ಹೆಜ್ಜೆ ಹಾಕುತ್ತ, ಮೂರು ನಾಲ್ಕು ಸ್ವರಮೇಳಗಳನ್ನು ಸುಮ್ಮನೆ ಮೀಟುತ್ತಿದ್ದರು. 1606ರಲ್ಲಿ ಇಟಲಿಯ ಗಿರೊಲಾಮೊ ಮಾಂಟೆಸಾರ್ಡೊ ಪ್ರಕಟಿಸಿದ ಗಿಟಾರ್ ಪುಸ್ತಕದಲ್ಲಿ ಇದು ಮೊದಲಾಗಿ ಬರಹಕ್ಕೆ ಇಳಿಯಿತು. ರೋಮಿನ ಸಂತ ಪೇತ್ರರ ಮಹಾದೇವಾಲಯದಲ್ಲಿ ಆರ್ಗನ್ ನುಡಿಸುತ್ತಿದ್ದ ಗಿರೊಲಾಮೊ ಫ್ರೆಸ್ಕೊಬಾಲ್ಡಿ 1627ರಲ್ಲಿ ಇದನ್ನು ಗಂಭೀರ ಸಂಗೀತದ ಮಟ್ಟಕ್ಕೆ ಏರಿಸಿದನು. 1637ರಲ್ಲಿ ಇದೇ ರೂಪದಲ್ಲಿ ಇನ್ನೂ ದೊಡ್ಡದಾದ ಕೃತಿಯೊಂದನ್ನು ಹೊರತಂದನು. ಬೀದಿಯ ಕೂಸು ಹೀಗೆ ದೇವಾಲಯದ ಹೊಸ್ತಿಲು ತುಳಿಯಿತು.

ರೂಪದ ನಿಯಮ ಸರಳ. ಮಂದ್ರದಲ್ಲಿ ಒಂದು ಚಿಕ್ಕ ಸ್ವರಸಾಲು ಇರುತ್ತದೆ. ಅದು ಮುಗಿದೊಡನೆ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ, ಕೊನೆಯವರೆಗೂ ಹೀಗೇ. ಮೇಲಿನ ಸಂಗೀತ ಮಾತ್ರ ಪ್ರತಿ ಆವರ್ತಕ್ಕೂ ಹೊಸದಾಗುತ್ತ ಹೋಗುತ್ತದೆ. ನಮ್ಮ ಸಂಗೀತವನ್ನು ಬಲ್ಲವರಿಗೆ ತಂಬೂರಿಯ ನೆನಪಾಗಬಹುದು. ಆದರೆ ತಂಬೂರಿ ಒಂದೆಡೆ ನಿಂತು ನುಡಿಯುತ್ತದೆ, ಪಸ್ಸಕಾಲಿಯದ ಮಂದ್ರಸಾಲು ಹೆಜ್ಜೆಯಿಟ್ಟು ನಡೆಯುತ್ತದೆ. ಅರಿಸ್ಟಾಟಲನ ತತ್ತ್ವವನ್ನು ಓದಿದವರು ಇದನ್ನು ದ್ರವ್ಯ ಮತ್ತು ಗುಣಗಳ ಸಂಬಂಧವೆಂದು ಹೇಳಿಯಾರು. ಬದಲಾಗುವುದೆಲ್ಲವೂ ಬದಲಾಗದ ಒಂದನ್ನು ಆಧರಿಸಿಯೇ ಬದಲಾಗುತ್ತದೆ.

ಬೀಬರನ ಪಸ್ಸಕಾಲಿಯದ ಮಂದ್ರಸಾಲಿನಲ್ಲಿ ಇರುವುದು ನಾಲ್ಕೇ ಸ್ವರಗಳು, ಒಂದೊಂದೇ ಮೆಟ್ಟಿಲು ಕೆಳಗಿಳಿಯುವ ನಾಲ್ಕು ಸ್ವರಗಳು. ಅವು 65 ಸಲ ಬರುತ್ತವೆ. ಕಾವಲುದೂತರ ಕುರಿತಾದ ಜರ್ಮನ್ ಭಕ್ತಿಗೀತೆಯೊಂದರ ಆರಂಭವನ್ನು ಇವು ಹೋಲುತ್ತವೆಂದು ಸಂಗೀತ ವಿದ್ವಾಂಸರು ಗುರುತಿಸಿದ್ದಾರೆ. ಒಬ್ಬನೇ ವಾದಕನು ಒಂದೇ ವಾದ್ಯದಲ್ಲಿ ಕೆಳಗಿನ ಸಾಲನ್ನೂ ಮೇಲಿನ ಸಂಚಾರಗಳನ್ನೂ ಕೂಡಿಯೇ ನುಡಿಸಬೇಕು. ಮೇಲಿನ ಧ್ವನಿ ಕೆಲವೊಮ್ಮೆ ಮಗುವಿನಂತೆ ಓಡುತ್ತದೆ, ಕೆಲವೊಮ್ಮೆ ಎಡವುತ್ತದೆ, ಕೆಲವೊಮ್ಮೆ ಅಳುತ್ತದೆ. ನಾಲ್ಕು ಸ್ವರಗಳು ಕೆಲವೆಡೆ ಮೇಲಿನ ಸ್ಥಾಯಿಗೂ ಏರುತ್ತವೆ, ಕೆಲವೆಡೆ ವೇಗದ ಸಂಚಾರಗಳ ನಡುವೆ ಅಡಗಿ ಕಿವಿಗೆ ತಪ್ಪಿದಂತೆ ತೋರುತ್ತವೆ. ಆದರೆ ಒಂದು ಸಲವೂ ಅವು ಕೈಬಿಡುವುದಿಲ್ಲ.

ಪ್ರತಿಯೊಬ್ಬ ಮನುಷ್ಯನಿಗೂ ಹುಟ್ಟಿನಿಂದಲೇ ಒಬ್ಬ ಕಾವಲುದೂತನಿರುತ್ತಾನೆಂದು ಸಂತ ತೋಮಸ್ ಅಕ್ವಿನಾಸರು ಬೋಧಿಸಿದರು. ಒಳ್ಳೆಯವರಿಗೆ ಮಾತ್ರವಲ್ಲ, ಕ್ರೈಸ್ತರಿಗೆ ಮಾತ್ರವಲ್ಲ, ಪ್ರತಿಯೊಬ್ಬನಿಗೂ. ಪೋಪ್ ಹತ್ತನೆಯ ಕ್ಲೆಮೆಂಟರು ಅಕ್ಟೋಬರ್ 2ರ ಕಾವಲುದೂತರ ಹಬ್ಬವನ್ನು ಇಡೀ ಧರ್ಮಸಭೆಗೆ ವಿಸ್ತರಿಸಿದ್ದು 1670ರಲ್ಲಿ, ಬೀಬರನು ಸಾಲ್ಜ್‌ಬರ್ಗಿಗೆ ಬಂದ ವರ್ಷದಲ್ಲಿಯೇ. ಆ ಹೊಸ ಹಬ್ಬದ ಹುರುಪು ಈ ರಚನೆಯ ಹಿಂದೆ ಇದ್ದಿರಲು ಸಾಕು.

ಇಲ್ಲಿಗೆ ಬರಹವನ್ನು ಮುಗಿಸಿದ್ದರೆ ಅದು ಸುಂದರವಾದ ಭಕ್ತಿಕಥೆಯಾಗುತ್ತಿತ್ತು. ಆದರೆ ಸತ್ಯವನ್ನು ಅರ್ಧಕ್ಕೆ ನಿಲ್ಲಿಸುವುದು ಗುರುವಾದವನಿಗೆ ತರವಲ್ಲ. ಬೀಬರನು ಈ ಸಂಗೀತವನ್ನು ಬರೆದ ಅದೇ ವರ್ಷಗಳಲ್ಲಿ, ಅದೇ ನಗರದಲ್ಲಿ, ಅದೇ ಮಹಾಧರ್ಮಾಧ್ಯಕ್ಷರ ಆಳ್ವಿಕೆಯಲ್ಲಿ ಇನ್ನೊಂದು ಸಂಗತಿ ನಡೆಯುತ್ತಿತ್ತು. 1675ರಲ್ಲಿ ಬಾರ್ಬರಾ ಕೊಲ್ಲರ್ ಎಂಬ ಬಡ ಹೆಂಗಸನ್ನು ಮಾಟಗಾತಿಯೆಂದು ಆಪಾದಿಸಿ ಕೊಲ್ಲಲಾಯಿತು. ಅವಳ ಮಗ ಯಾಕೊಬ್ ಅಲೆಮಾರಿ ಹುಡುಗರನ್ನು ಕೂಡಿಸಿಕೊಂಡು ಅವರಿಗೆ ಮಾಟ ಕಲಿಸುತ್ತಿದ್ದಾನೆಂಬ ಸುದ್ದಿ ಹಬ್ಬಿತು. ಆ ಯಾಕೊಬನು ಕೊನೆಗೂ ಸಿಕ್ಕಲಿಲ್ಲ. ಸಿಕ್ಕಿದವರು ಬೀದಿಯಲ್ಲಿ ಭಿಕ್ಷೆ ಬೇಡುತ್ತಿದ್ದ ಮಕ್ಕಳು, ಮನೆಯಿಲ್ಲದ ತರುಣರು, ಅಂಗವಿಕಲರು. 1690ರವರೆಗೆ ನಡೆದ ಈ ವಿಚಾರಣೆಗಳಲ್ಲಿ ಸುಮಾರು 140 ಜನರಿಗೆ ಮರಣದಂಡನೆಯಾಯಿತು. ಅವರಲ್ಲಿ ಹೆಚ್ಚಿನವರು ಬಾಲಕರು ಮತ್ತು ಯುವಕರು. ಹತ್ತು ಹನ್ನೆರಡು ವರ್ಷದ ಮಕ್ಕಳೂ ಇದ್ದರು. ಚಿತ್ರಹಿಂಸೆಯ ಮೂಲಕ ತಪ್ಪೊಪ್ಪಿಗೆ ಪಡೆಯಲಾಗುತ್ತಿತ್ತು.

ಕಾವಲುದೂತನು ಮಗುವಿನ ಕೈಹಿಡಿದಿರುವ ಚಿತ್ರ ಒಂದು ಕಡೆ, ಬೀದಿಯ ಮಕ್ಕಳನ್ನು ಕೊಂಡೊಯ್ದ ಸೆರೆಮನೆ ಇನ್ನೊಂದು ಕಡೆ. ಈ ಎರಡೂ ಒಂದೇ ಊರಿನಲ್ಲಿದ್ದವು. ಬೀಬರನು ಇದರ ಬಗ್ಗೆ ಏನಾದರೂ ನುಡಿದನೆಂಬುದಕ್ಕೆ ದಾಖಲೆಯಿಲ್ಲ. ಆಸ್ಥಾನದ ಸೇವಕನಿಗೆ ನುಡಿಯುವ ಸ್ವಾತಂತ್ರ್ಯವೂ ಇರಲಿಲ್ಲ. ನ್ಯಾಯಾಧೀಶರೂ ಜಪಸರ ಹೇಳುತ್ತಿದ್ದ ಜನರೇ, ತೀರ್ಪನ್ನು ನೋಡಲು ನೆರೆದವರೂ ಅಂಥವರೇ. ಐವತ್ತು ಸಲ ಹೇಳಿದ ಪ್ರಾರ್ಥನೆ ಬೀದಿಯಲ್ಲಿ ನಿಂತ ಮಗುವಿನ ಮುಖವನ್ನು ಅವರಿಗೆ ತೋರಿಸಲಿಲ್ಲ. ಆಗ ಆವರ್ತನೆ ಬರಿಯ ಸದ್ದಾಯಿತು. 2000ದ ಮಾರ್ಚ್ 12ರಂದು ಪೋಪ್ ಎರಡನೆಯ ಜಾನ್ ಪೌಲರು ಧರ್ಮಸಭೆಯ ಮಕ್ಕಳು ಶತಮಾನಗಳಲ್ಲಿ ಎಸಗಿದ ಪಾಪಗಳಿಗಾಗಿ ರೋಮಿನಲ್ಲಿ ಬಹಿರಂಗವಾಗಿ ದೇವರ ಕ್ಷಮೆ ಯಾಚಿಸಿದರು. ಅದನ್ನು ಓದಿದಾಗ ನನಗೆ ಸಾಲ್ಜ್‌ಬರ್ಗಿನ ಆ ಹೆಸರಿಲ್ಲದ ಮಕ್ಕಳೂ ನೆನಪಾದರು.

ಬೀಬರನ ಬದುಕಿನ ಉಳಿದ ಭಾಗ ಏಳಿಗೆಯ ಭಾಗ. 1677ರಲ್ಲಿ ಚಕ್ರವರ್ತಿ ಮೊದಲನೆಯ ಲಿಯೊಪೋಲ್ಡನ ಮುಂದೆ ನುಡಿಸಿ ಚಿನ್ನದ ಸರವನ್ನು ಪಡೆದನು. ಆ ಚಕ್ರವರ್ತಿ ಸ್ವತಃ ಸಂಗೀತ ರಚಿಸಬಲ್ಲವನು. 1679ರಲ್ಲಿ ಬೀಬರನು ಆಸ್ಥಾನದ ಉಪಸಂಗೀತನಿರ್ದೇಶಕನಾದನು, 1684ರಲ್ಲಿ ಪ್ರಧಾನ ಸಂಗೀತನಿರ್ದೇಶಕನಾದನು. 1690ರಲ್ಲಿ ಚಕ್ರವರ್ತಿಯಿಂದ ಕುಲೀನ ಪದವಿಯನ್ನೂ ಪಡೆದನು. ಒಮ್ಮೆ ಅಪ್ಪಣೆಯಿಲ್ಲದೆ ಓಡಿಬಂದ ಸೇವಕನು ಈಗ ಶ್ರೀಮಂತ ಬಿರುದಿನ ಗೃಹಸ್ಥನು.

ಸಾಲ್ಜ್‌ಬರ್ಗಿನ ಧರ್ಮಪ್ರಾಂತ್ಯಕ್ಕೆ 1100 ವರ್ಷ ತುಂಬಿತೆಂದು 1682ರಲ್ಲಿ ಮಹೋತ್ಸವ ನಡೆಯಿತು. ಆ ಸಂದರ್ಭದ ಬಲಿಪೂಜೆಗಾಗಿ ರಚಿತವಾದ ಸಂಗೀತದಲ್ಲಿ 53 ಬೇರೆ ಬೇರೆ ಧ್ವನಿ ಹಾಗೂ ವಾದ್ಯಗಳ ಸಾಲುಗಳಿವೆ. ಪ್ರಧಾನಾಲಯದ ಉಪ್ಪರಿಗೆಗಳಲ್ಲಿ ಗಾಯಕರನ್ನೂ ತುತ್ತೂರಿಗಳನ್ನೂ ನಗಾರಿಗಳನ್ನೂ ಹಂಚಿ ನಿಲ್ಲಿಸುವ ಬಗೆಯ ಸಂಗೀತವದು. ಬಹುಕಾಲ ಇದನ್ನು ಒರಾಜಿಯೊ ಬೆನೆವೋಲಿ ಎಂಬ ಇಟಲಿಯವನ ಕೃತಿಯೆಂದೂ, 1628ರಲ್ಲಿ ಪ್ರಧಾನಾಲಯದ ಪ್ರತಿಷ್ಠೆಗೆ ರಚಿತವಾದುದೆಂದೂ ನಂಬಲಾಗಿತ್ತು. ಕಾಗದವನ್ನೂ ಬರಹದ ಕೈಯನ್ನೂ ಪರೀಕ್ಷಿಸಿದ ವಿದ್ವಾಂಸರು 1970ರ ದಶಕದಲ್ಲಿ ಆ ನಂಬಿಕೆಯನ್ನು ತಿದ್ದಿದರು. ಈಗ ಅದನ್ನು ಬೀಬರನ ಕೃತಿಯೆಂದೇ ಬಹುಮಟ್ಟಿಗೆ ಒಪ್ಪಲಾಗಿದೆ. ಐವತ್ತಮೂರು ಸಾಲುಗಳ ಆ ವೈಭವವನ್ನು ಬರೆದ ಕೈಯೇ ಒಂಟಿ ಪಿಟೀಲಿನ ನಾಲ್ಕು ಸ್ವರಗಳನ್ನೂ ಬರೆದಿತ್ತು.

ಉಳಿದ ನಾಲ್ಕು ಮಕ್ಕಳಿಗೂ ಸಂಗೀತ ಒಲಿದಿತ್ತು. ಮಗಳು ಮರಿಯಾ ಅನ್ನಾ ಮಗ್ದಲೇನಾ 1696ರಲ್ಲಿ ಸಾಲ್ಜ್‌ಬರ್ಗಿನ ನೊನ್‌ಬೆರ್ಗ್ ಕನ್ಯಾಮಠವನ್ನು ಸೇರಿದಳು. ಓದುಗರಲ್ಲಿ ಅನೇಕರು ನೋಡಿರಬಹುದಾದ ದಿ ಸೌಂಡ್ ಆಫ್ ಮ್ಯೂಸಿಕ್ ಚಲನಚಿತ್ರದ ಕಥಾನಾಯಕಿ ಇದ್ದದ್ದು ಇದೇ ಮಠದಲ್ಲಿ. ಮಗಳ ಸನ್ಯಾಸಪ್ರವೇಶದ ಸಂದರ್ಭಕ್ಕೆ ತಂದೆ ಒಂದು ಬಲಿಪೂಜೆಯ ಸಂಗೀತವನ್ನು ರಚಿಸಿದನು. ಮುಂದೆ ಅವಳೇ ಆ ಮಠದ ಗಾಯನವೃಂದದ ನಿರ್ದೇಶಕಿಯಾದಳು. ಮಗ ಕಾರ್ಲ್ ಹೈನ್ರಿಕ್ 1743ರಲ್ಲಿ ತಂದೆಯ ಸ್ಥಾನಕ್ಕೆ ಏರಿದನು. ಅದೇ ವರ್ಷ ಆಸ್ಥಾನದ ವಾದ್ಯವೃಂದಕ್ಕೆ ಸೇರಿದ ಒಬ್ಬ ತರುಣ ಪಿಟೀಲುವಾದಕನ ಹೆಸರು ಲಿಯೊಪೋಲ್ಡ್ ಮೊಜಾರ್ಟ್. ಲೋಕವಿಖ್ಯಾತ ಮೊಜಾರ್ಟನ ತಂದೆ ಆತ. ಹಿರಿಯ ಬೀಬರನು ಇದನ್ನು ನೋಡಲು ಉಳಿದಿರಲಿಲ್ಲ. 1704ರ ಮೇ 3ರಂದು, ಐವತ್ತೊಂಬತ್ತನೆಯ ವಯಸ್ಸಿನಲ್ಲಿ, ಅವನು ಸಾಲ್ಜ್‌ಬರ್ಗಿನಲ್ಲಿ ತೀರಿಕೊಂಡನು.

ಜಪಸರದ ಸೊನಾಟಾಗಳು ಅವನ ಜೀವಿತಕಾಲದಲ್ಲಿ ಅಚ್ಚಾಗಲಿಲ್ಲ. ಉಳಿದಿರುವುದು ಒಂದೇ ಹಸ್ತಪ್ರತಿ, ಅದರ ಮೊದಲ ಪುಟವೂ ಕಳೆದುಹೋಗಿದೆ. ಮ್ಯೂನಿಕ್ ನಗರದ ಗ್ರಂಥಾಲಯದಲ್ಲಿರುವ ಆ ಪ್ರತಿಯನ್ನು ಆಧರಿಸಿ 1905ರಲ್ಲಿ ಕೃತಿ ಮೊದಲ ಬಾರಿಗೆ ಮುದ್ರಣ ಕಂಡಿತು. ಇನ್ನೂರು ವರ್ಷಕ್ಕೂ ಮಿಕ್ಕಿ ಅದನ್ನು ಕೇಳಿದವರು ಇರಲಿಲ್ಲವೆಂದೇ ಹೇಳಬೇಕು.

ಪಸ್ಸಕಾಲಿಯದ ರೂಪ ಮಾತ್ರ ತನ್ನ ದಾರಿಯಲ್ಲಿ ನಡೆಯುತ್ತಲೇ ಇತ್ತು. ಯೋಹಾನ್ ಸೆಬಾಸ್ಟಿಯನ್ ಬಾಕ್ ತನ್ನ ಯೌವನದಲ್ಲಿ ಆರ್ಗನ್‌ಗಾಗಿ ಒಂದು ಪಸ್ಸಕಾಲಿಯವನ್ನು ಬರೆದನು. ಅದರಲ್ಲಿ ಮಂದ್ರಸಾಲಿನ ಮೇಲೆ ಇಪ್ಪತ್ತು ರೂಪಾಂತರಗಳು, ಕೊನೆಯಲ್ಲಿ ಫ್ಯೂಗ್ ಎಂಬ ಜಟಿಲ ರಚನೆ. 1720ರ ಅವನ ಹಸ್ತಪ್ರತಿಯಲ್ಲಿ ಇದೇ ಕುಲಕ್ಕೆ ಸೇರಿದ ಷಕಾನ್ ಎಂಬ ರಚನೆ ಒಂಟಿ ಪಿಟೀಲಿಗಾಗಿ ಬರೆದದ್ದಿದೆ. ಅನಂತರ ಈ ರೂಪ ಹಳೆಯದೆನಿಸಿ ಬಹುಮಟ್ಟಿಗೆ ಮೂಲೆ ಸೇರಿತು. 1885ರಲ್ಲಿ ಬ್ರಾಮ್ಸ್ ತನ್ನ ನಾಲ್ಕನೆಯ ಸಿಂಫನಿಯ ಕೊನೆಯ ಭಾಗವನ್ನು ಬಾಕ್‌ನ ಸ್ವರಸಾಲೊಂದನ್ನು ತುಸು ಮಾರ್ಪಡಿಸಿ, ಮೂವತ್ತು ರೂಪಾಂತರಗಳಾಗಿ ಕಟ್ಟಿದಾಗ ಹಳೆಯ ರೂಪಕ್ಕೆ ಮರುಜೀವ ಬಂದಿತು.

ಇಪ್ಪತ್ತನೆಯ ಶತಮಾನದ ಎರಡು ಪಸ್ಸಕಾಲಿಯಗಳನ್ನು ಹೇಳದೆ ಇರಲಾರೆ. 1945ರಲ್ಲಿ ಲಂಡನ್ನಿನಲ್ಲಿ ಮೊದಲು ಪ್ರದರ್ಶಿತವಾದ ಬೆಂಜಮಿನ್ ಬ್ರಿಟನ್ನನ ಪೀಟರ್ ಗ್ರೈಮ್ಸ್ ಎಂಬ ಸಂಗೀತನಾಟಕದಲ್ಲಿ, ಒರಟನಾದ ಒಬ್ಬ ಮೀನುಗಾರನೂ ಅವನ ಬಳಿ ಕೆಲಸಕ್ಕಿರುವ ಅನಾಥ ಹುಡುಗನೂ ಬರುತ್ತಾರೆ. ಹುಡುಗನು ಇಡೀ ನಾಟಕದಲ್ಲಿ ಹಾಡುವುದೇ ಇಲ್ಲ. ಅವನು ಕಡಲಬಂಡೆಯಿಂದ ಬಿದ್ದು ಸಾಯುವ ದೃಶ್ಯಕ್ಕೆ ಮುನ್ನ ಬರುವ ವಾದ್ಯಸಂಗೀತ ಒಂದು ಪಸ್ಸಕಾಲಿಯ. ಮೀನುಗಾರನು ದೇವರ ಕರುಣೆಯನ್ನು ಬೇಡುವ ಸಾಲಿನ ಸ್ವರಗಳೇ ಅದರ ಮಂದ್ರಸಾಲು. ರಷ್ಯದ ಷೊಸ್ತಕೊವಿಚ್ 1947 ಮತ್ತು 1948ರಲ್ಲಿ ರಚಿಸಿದ ಪಿಟೀಲಿನ ಮೊದಲ ಕನ್ಚರ್ಟೊದ ಮೂರನೆಯ ಭಾಗವೂ ಪಸ್ಸಕಾಲಿಯವೇ. ಸ್ಟಾಲಿನ್ ಬದುಕಿರುವವರೆಗೆ ಅದನ್ನು ಹೊರಗೆ ತರುವಂತಿರಲಿಲ್ಲ. ಅದು ಮೊದಲು ಕೇಳಿಸಿದ್ದು 1955ರಲ್ಲಿ. ಬೀದಿಯಲ್ಲಿ ಹುಟ್ಟಿದ ಈ ರೂಪವನ್ನು ಸಂಗೀತಗಾರರು ಅಳಲಾಗದವರ ಅಳಲಿಗಾಗಿ ಮತ್ತೆ ಮತ್ತೆ ಆರಿಸಿಕೊಂಡದ್ದು ಆಕಸ್ಮಿಕವಲ್ಲವೆಂದು ನನಗನಿಸುತ್ತದೆ.

ಯುವಜನರ ಪ್ರಶ್ನೆಗೆ ಮರಳೋಣ. ಒಂದೇ ಪ್ರಾರ್ಥನೆಯನ್ನು ಐವತ್ತು ಸಲ ಹೇಳುವುದೇಕೆ? ಬದಲಾಗಬೇಕಾದದ್ದು ಪ್ರಾರ್ಥನೆಯಲ್ಲ, ಅದರ ಮೇಲೆ ನಡೆಯುವ ನಮ್ಮ ಬದುಕು. ನಾಲ್ಕು ಸ್ವರಗಳು ಬದಲಾಗದೆ ಇರುವುದರಿಂದಲೇ ಪಿಟೀಲಿಗೆ ಓಡಲೂ ಎಡವಲೂ ಅಳಲೂ ಧೈರ್ಯ ಬರುತ್ತದೆ. ದುಃಖದ ದಿನ ಹೇಳಿದ ಜಪಸರವೂ ಸಂತೋಷದ ದಿನ ಹೇಳಿದ್ದೂ ಮಾತಿನಲ್ಲಿ ಒಂದೇ, ಹೇಳುವವನ ಎದೆಯಲ್ಲಿ ಬೇರೆ. ಏಳು ಮಕ್ಕಳನ್ನು ಮಣ್ಣಿಗೆ ಒಪ್ಪಿಸಿದ ತಂದೆಗೆ ಇದನ್ನು ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ.

ಆದರೆ ಸಾಲ್ಜ್‌ಬರ್ಗಿನ ಬೀದಿಗಳು ಇನ್ನೊಂದು ಮಾತನ್ನೂ ನಮಗೆ ಕಲಿಸುತ್ತವೆ. ಮೇಲಿನ ರಾಗ ಸತ್ತರೆ ಕೆಳಗಿನ ನಾಲ್ಕು ಸ್ವರಗಳು ಗಡಿಯಾರದ ಸದ್ದಾಗುತ್ತವೆ. ಈ ತಿಂಗಳ ಸಂಜೆಗಳಲ್ಲಿ ಜಪಸರ ಮುಗಿಸಿ ನಾವು ಏಳುವಾಗ, ನಮ್ಮ ಬಾಗಿಲಿನಾಚೆಯ ಬೀದಿಯಲ್ಲಿ ಕೈಹಿಡಿಯುವವರಿಲ್ಲದ ಮಗುವೊಂದು ಇರಬಹುದು. ಹೋಟೆಲಿನಲ್ಲಿ ಲೋಟ ತೊಳೆಯುವ ಮಗು, ಊರೂರು ಅಲೆಯುವವರ ಮಗು, ಕಳ್ಳನೆಂದು ನಾವು ಸುಲಭವಾಗಿ ಅನುಮಾನಿಸುವ ಮಗು. ಅದಕ್ಕೂ ಒಬ್ಬ ಕಾವಲುದೂತನಿದ್ದಾನೆಂದು ನಾವು ನಂಬುತ್ತೇವೆ. ಆ ದೂತನು ಕೈಚಾಚಲು ಬಹುಶಃ ನಮ್ಮ ಕೈಯನ್ನೇ ಕಾಯುತ್ತಿರಬಹುದು.